ಡಬ್ಬಿಯೊಳಗಿನ ರಟ್ಟು, ಡಬ್ಬಿಯ ಮೇಲಿನ ಅಂಕ

ಆ ಮುದುಕನ ಮೇಜಿನ ಮೇಲೆ ಮಾರಾಟಕ್ಕಿಟ್ಟ ಆಟಗಾರರ ಚಿತ್ರದ ಕಾರ್ಡುಗಳಿಗಿಂತ ಸಲಕರಣೆಗಳೇ ಎದ್ದು ಕಾಣುತ್ತಿದ್ದವು. ಒಂದು ಮಸೂರ, ನೇರಳಾತೀತ ಬೆಳಕಿನ ಟಾರ್ಚು, ಉಕ್ಕಿನ ಅಳತೆಪಟ್ಟಿ. ಷಿಕಾಗೋದ ಓಹೇರ್ ವಿಮಾನ ನಿಲ್ದಾಣದ ಮಗ್ಗುಲಲ್ಲೇ ಇರುವ ರೋಸ್‌ಮಾಂಟ್‌ನಲ್ಲಿ ಅಮೆರಿಕದ ಕ್ರೀಡಾ ಸಂಗ್ರಾಹಕರ ರಾಷ್ಟ್ರೀಯ ಮೇಳ ನಡೆದಿತ್ತು. ಅಲ್ಲೇ ನೆಲೆಸಿರುವ ಸೋದರಳಿಯನ ಒತ್ತಾಯಕ್ಕೆ ಹೋದವನು ನಾನು. ಹಳೆಯ ರಟ್ಟಿನ ಚೂರಿಗೆ ಲಕ್ಷಗಟ್ಟಲೆ ಡಾಲರ್ ಸುರಿಯುವವರನ್ನು ಕಂಡು ಒಳಗೊಳಗೇ ನಕ್ಕು ಬರುವ ಇರಾದೆಯಿತ್ತು. ಆದರೆ ಮುದುಕನ ಮುಂದೆ ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ.

ಅವರು ಬೇಸ್‌ಬಾಲ್ ಆಟಗಾರ ಟೈ ಕಾಬ್‌ನ ಎರಡು ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟರು. ಎರಡರಲ್ಲೂ ಅದೇ ಕೆಂಪು ಹಿನ್ನೆಲೆ, ಅದೇ ಗಂಟುಮುಖ. 1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟು ಪ್ಯಾಕಿನೊಳಗೆ ಇಟ್ಟು ಹಂಚಿದ ‘ಟಿ 206’ ಸರಣಿಯ ಕಾರ್ಡುಗಳಂತೆ. ಮಸೂರವನ್ನು ನನ್ನ ಕೈಗಿತ್ತು, ಮುಖ ಬಿಟ್ಟು ಕೆಳಗಿನ ಹೆಸರನ್ನು ನೋಡಿ ಅಂದರು. ಒಂದರಲ್ಲಿ ಕಂದು ಶಾಯಿಯ ಅಕ್ಷರಗಳು ಗಟ್ಟಿಯಾಗಿ ಕೂತಿದ್ದವು. ಇನ್ನೊಂದರಲ್ಲಿ ಅದೇ ಅಕ್ಷರಗಳು ಸಣ್ಣ ಸಣ್ಣ ಬಣ್ಣದ ಚುಕ್ಕೆಗಳಾಗಿ ಒಡೆದುಹೋದವು. ಕಲ್ಲಚ್ಚಿನಲ್ಲಿ ಹೆಸರಿಗೆ ಬೇರೆಯೇ ಶಾಯಿ ಹಾಕುತ್ತಿದ್ದರು. ಫೋಟೊ ತೆಗೆದು ಮರುಮುದ್ರಿಸಿದಾಗ ಚಿತ್ರ, ಅಕ್ಷರ ಎಲ್ಲವೂ ಚುಕ್ಕೆಗಳೇ. ಟಾರ್ಚು ಬಿಟ್ಟಾಗ ಎರಡನೆಯದು ನೀಲಿಬಿಳಿಯಾಗಿ ಹೊಳೆಯಿತು. ಕಾಗದಕ್ಕೆ ಹೊಳಪುಕಾರಕ ರಾಸಾಯನಿಕ ಬೆರೆಸುವ ರೂಢಿ ಬಂದದ್ದು ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ. 1910ರ ರಟ್ಟು ಹಾಗೆ ಹೊಳೆಯಬಾರದು.

ಬರಿ ರಟ್ಟಾದರೆ ಪರೀಕ್ಷೆ ಇಷ್ಟು ಸಲೀಸು. ಕಷ್ಟ ಶುರುವಾಗುವುದು ಅದು ಡಬ್ಬಿಯೊಳಗೆ ಹೋದ ಮೇಲೆ.

1991ರಲ್ಲಿ ಪಿಎಸ್‌ಎ ಎಂಬ ಸಂಸ್ಥೆ ಕಾರ್ಡನ್ನು ಪರಿಶೀಲಿಸಿ, ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು, ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಬೆಸೆದು ಕೊಡುವ ವ್ಯವಹಾರಕ್ಕಿಳಿಯಿತು. ಆಮೇಲೆ ಎಸ್‌ಜಿಸಿ, ಬೆಕೆಟ್ ಮುಂತಾದವು ಬಂದವು. ಈಗ ಬೆಲೆ ನಿಂತಿರುವುದೇ ಆ ಅಂಕದ ಮೇಲೆ. ಟಾಪ್ಸ್ ಕಂಪನಿಯ 1952ರ ಸರಣಿಯ, ಬೇಸ್‌ಬಾಲ್ ಆಟಗಾರ ಮಿಕಿ ಮ್ಯಾಂಟಲ್ ಕಾರ್ಡೊಂದು 9.5 ಅಂಕದ ಬಲದಿಂದ 2022ರಲ್ಲಿ 1.26 ಕೋಟಿ ಡಾಲರಿಗೆ ಹೋಯಿತು. ಆದರೆ ಡಬ್ಬಿಯೊಳಗಿನ ಕಾರ್ಡಿನ ದಪ್ಪವನ್ನು ಬೆರಳಿಗೆ ತಾಗಿಸಿ ನೋಡಲಾಗದು, ಅಂಚನ್ನು ಓರೆಮಾಡಿ ನೋಡಲಾಗದು. ಖಾತರಿ ಕೊಡುವ ವಸ್ತುವೇ ಸಾಕ್ಷ್ಯವನ್ನೂ ಮುಚ್ಚುತ್ತದೆ. ನನಗೆ ಈ ಇಡೀ ವ್ಯವಸ್ಥೆಯ ಬಗ್ಗೆ ಗುಮಾನಿ ಹುಟ್ಟಿದ್ದು ಅಲ್ಲಿಯೇ.

ಅಂಚಿನ ಮಾತು ಬಂದಾಗ ಮುದುಕ ಹೇಳಿದ್ದು ಇನ್ನೊಬ್ಬ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಕಾರ್ಡಿನ ಕಥೆ. ಮನೆಗೆ ಬಂದು ಹಳೆಯ ಪತ್ರಿಕೆಗಳ ತುಣುಕುಗಳನ್ನೆಲ್ಲ ಕೆದಕಿದೆ. ಅದೇ ಟಿ 206 ಸರಣಿಯಲ್ಲಿ ವ್ಯಾಗ್ನರ್ ಕಾರ್ಡಿನ ಮುದ್ರಣ ಬೇಗ ನಿಂತಿತು. ತನ್ನ ಚಿತ್ರದಿಂದ ಮಕ್ಕಳು ತಂಬಾಕಿಗೆ ಹತ್ತಿರವಾಗುವುದು ಆತನಿಗೆ ಬೇಡವಾಗಿತ್ತು ಎನ್ನುವವರಿದ್ದಾರೆ, ದುಡ್ಡಿನ ಜಗಳ ಎನ್ನುವವರೂ ಇದ್ದಾರೆ. ಉಳಿದಿರುವುದು ಅರವತ್ತರ ಆಸುಪಾಸು. ಅದರಲ್ಲೊಂದು ಬೆರಗಾಗುವಷ್ಟು ಹೊಸದಾಗಿತ್ತು. 1985ರಲ್ಲಿ ಬಿಲ್ ಮಾಸ್ಟ್ರೊ ಎಂಬ ವ್ಯಾಪಾರಿ ಅದನ್ನು 25,000 ಡಾಲರಿಗೆ ಕೊಂಡ. 1991ರಲ್ಲಿ ಸಾದಬೀಸ್ ಹರಾಜಿನಲ್ಲಿ ಐಸ್ ಹಾಕಿ ತಾರೆ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ 4.51 ಲಕ್ಷ ಡಾಲರ್ ಕೊಟ್ಟ. ಆಗತಾನೇ ಕಣ್ಣುಬಿಟ್ಟಿದ್ದ ಪಿಎಸ್‌ಎ ಅದಕ್ಕೆ 8 ಅಂಕ ಕೊಟ್ಟು ತನ್ನ ಮೊತ್ತಮೊದಲ ಕ್ರಮಸಂಖ್ಯೆಯನ್ನು ಅಂಟಿಸಿತು. ಸಂಖ್ಯೆ ಒಂದು! ಮುಂದೆ ವಾಲ್‌ಮಾರ್ಟ್ ಅದನ್ನು ಬಹುಮಾನವಾಗಿಟ್ಟಿತು, ಫ್ಲಾರಿಡಾದ ಅಂಚೆ ನೌಕರಳೊಬ್ಬಳು ಗೆದ್ದಳು, ಬಳಿಕ ಅದು ಹರಾಜಾಯಿತು. ಕೈಯಿಂದ ಕೈಗೆ ಹೋಗಿ 2007ರಲ್ಲಿ 28 ಲಕ್ಷ ಡಾಲರ್ ಮುಟ್ಟಿತು. ಈಗಿನ ಒಡೆಯ ಆರಿಜೋನಾ ಬೇಸ್‌ಬಾಲ್ ತಂಡದ ಕೆನ್ ಕೆಂಡ್ರಿಕ್.

ಅದರ ಅಂಚುಗಳು ಅತಿ ನೇರ ಎಂಬ ಗುಸುಗುಸು ಮೊದಲಿನಿಂದಲೂ ಇತ್ತು. 2013ರಲ್ಲಿ ಮಾಸ್ಟ್ರೊ ತನ್ನ ಹರಾಜು ಸಂಸ್ಥೆಯ ವಂಚನೆ ಪ್ರಕರಣದಲ್ಲಿ ಷಿಕಾಗೋದ ಫೆಡರಲ್ ನ್ಯಾಯಾಲಯದ ಮುಂದೆ ತಪ್ಪೊಪ್ಪಿಕೊಂಡಾಗ, ಆ ಕಾರ್ಡಿನ ಪಕ್ಕದ ಅಂಚುಗಳನ್ನು ಕತ್ತರಿಸಿದ್ದನ್ನೂ ಒಪ್ಪಿಕೊಂಡ. 2015ರಲ್ಲಿ ಇಪ್ಪತ್ತು ತಿಂಗಳ ಶಿಕ್ಷೆಯಾಯಿತು. ಅಂಕ ಕೊಡುವ ಉದ್ಯಮದ ಸಂಖ್ಯೆ ಒಂದೇ ಕತ್ತರಿ ಕಂಡ ಕಾರ್ಡು! ನಿಯಮದ ಪ್ರಕಾರ ಅಂಚು ಕತ್ತರಿಸಿದ ಕಾರ್ಡಿಗೆ ಅಂಕವೇ ಇಲ್ಲ, ಹೆಚ್ಚೆಂದರೆ ‘ಅಸಲಿ, ಆದರೆ ತಿದ್ದಿದ್ದು’ ಎಂಬ ಚೀಟಿ. ಇದರ ಪಕ್ಕದಲ್ಲಿ 2022ರ ಮಾರಾಟವನ್ನಿಟ್ಟು ನೋಡಿ: ಬರೀ 2 ಅಂಕ ಪಡೆದ, ಸವೆದುಹೋದ ಇನ್ನೊಂದು ವ್ಯಾಗ್ನರ್ 72.5 ಲಕ್ಷ ಡಾಲರಿಗೆ ಹೋಯಿತು. ನನ್ನ ಮೆಚ್ಚುಗೆ ಆ ಸವೆದದ್ದಕ್ಕೇ.

ಹಾಗೆಂದು ಅಳತೆಪಟ್ಟಿ ಹಿಡಿದ ಮಾತ್ರಕ್ಕೆ ಕತ್ತರಿ ಸಿಕ್ಕಿಬೀಳುವುದಿಲ್ಲ. ಟಿ 206 ಕಾರ್ಡಿನ ಅಗಲ ಒಂದೂವರೆ ಇಂಚಿಗೆ ತುಸು ಕಡಿಮೆ. ಆದರೆ ಅಮೆರಿಕನ್ ಬ್ಯೂಟಿ ಎಂಬ ಸಿಗರೇಟಿನ ಪ್ಯಾಕೇ ಸಪೂರವಾಗಿದ್ದರಿಂದ ಅದರ ಕಾರ್ಡುಗಳನ್ನು ಕಾರ್ಖಾನೆಯಲ್ಲೇ ಕಿರಿದಾಗಿ ಕತ್ತರಿಸಿದ್ದರು. ಕಾರ್ಡಿನ ಬೆನ್ನಿಗಿರುವ ಸಿಗರೇಟಿನ ಜಾಹೀರಾತು ಓದದೆ ತೀರ್ಪು ಕೊಟ್ಟರೆ ಅಸಲಿಗೇ ಅನ್ಯಾಯ.

ಇನ್ನು ಡಬ್ಬಿಯೇ ನಕಲಿಯಾದರೆ? ಅಸಲಿ ಡಬ್ಬಿಯ ಎರಡು ಹೋಳುಗಳನ್ನು ಶ್ರವಣಾತೀತ ಕಂಪನದಿಂದ ಬೆಸೆದಿರುತ್ತಾರೆ. ಬಿಚ್ಚಿ ಒಳಗಿನ ಕಾರ್ಡು ಬದಲಿಸಿ ಮತ್ತೆ ಅಂಟಿಸಿದರೆ ಸಾಮಾನ್ಯವಾಗಿ ಅಂಚಿನಲ್ಲಿ ಬಿಳಿಯ ಮಂಜು ಕೂತಂತೆ ಕಾಣುತ್ತದೆ. ಮುದುಕ ಅಂಥದ್ದೊಂದನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು, ಮಾರಲು ಅಲ್ಲ, ನನ್ನಂಥವರಿಗೆ ತೋರಿಸಲು. ಡಬ್ಬಿಯ ಕ್ರಮಸಂಖ್ಯೆಯನ್ನು ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಬಹುದು, ನಿಜ. ಆದರೆ ಕಳ್ಳನೂ ಅದೇ ಜಾಲತಾಣ ನೋಡುತ್ತಾನಲ್ಲ! ಹರಾಜಿನಲ್ಲಿ ಕಂಡ ನಿಜವಾದ ಸಂಖ್ಯೆಯನ್ನೇ ನಕಲಿ ಚೀಟಿಗೆ ಅಚ್ಚು ಹಾಕಿದರೆ ಉತ್ತರ ‘ಸರಿ’ ಎಂದೇ ಬರುತ್ತದೆ. ನಕಲಿ ಪಿಎಸ್‌ಎ ಡಬ್ಬಿಗಳಲ್ಲಿ ಮೈಕೆಲ್ ಜೋರ್ಡನ್, ಪೋಕೆಮಾನ್ ಕಾರ್ಡುಗಳನ್ನಿಟ್ಟು 20 ಲಕ್ಷ ಡಾಲರಿಗೂ ಮಿಕ್ಕಿದ ವಂಚನೆ ಮಾಡಿದರೆಂಬ ಆರೋಪ 2024ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯಕ್ಕೆ ಬಂತು.

ಹಾಲ್‌ಮಾರ್ಕ್ ಇದ್ದರೂ ಒರೆಗಲ್ಲನ್ನು ಎಸೆಯದ ಅಕ್ಕಸಾಲಿಗನ ಹಾಗೆ, ಮೇಳದಲ್ಲಿ ನಾನು ಕಂಡ ಅನುಭವಿಗಳೆಲ್ಲ ಮೊದಲು ಕಾರ್ಡು ನೋಡುತ್ತಿದ್ದರು, ಆಮೇಲೆ ಅಂಕ. ಹಳೆಯ ಕಾರ್ಡಿಗೊಂದು ಗುರುತು ಇದ್ದೇ ಇರುತ್ತದೆ: ಒಂದು ಕಡೆಗೆ ವಾಲಿದ ಬಿಳಿ ಅಂಚು, ಶಾಯಿ ಸಿಡಿದ ಚುಕ್ಕೆ, ಮೂಲೆಯ ಮಡಿಕೆ. ಹಿಂದಿನ ಹರಾಜಿನ ಚಿತ್ರವೋ ಸಂಸ್ಥೆಯ ದಾಖಲೆಯ ಚಿತ್ರವೋ ಸಿಕ್ಕರೆ ಅದರೊಂದಿಗೆ ಈ ಗುರುತುಗಳು ಒಂದೊಂದೂ ತಾಳೆಯಾಗಬೇಕು.

ಅಮೆರಿಕದಲ್ಲಿರುವ ನಿಮ್ಮ ಮಗನೋ ಅಳಿಯನೋ ಈ ಹುಚ್ಚಿಗೆ ಬಿದ್ದಿದ್ದರೆ ಒಂದು ಮಾತು ಹೇಳಿ: ಡಬ್ಬಿಯ ಅಂಚಿಗೆ ಮಸೂರ ಹಿಡಿಯಲು ಬಿಡದ ವ್ಯಾಪಾರಿಯಿಂದ, ಅಂಕ ಎಷ್ಟೇ ಇರಲಿ, ಕೊಳ್ಳಬೇಡ.