ಮಗುವಿನ ಉಸಿರು ಮತ್ತು ದಾದಿಯ ಕೈ

ಆಳಂದ ತಾಲ್ಲೂಕಿನ ಭೂಸನೂರದ ಸಕ್ಕರೆ ಕಾರ್ಖಾನೆಯನ್ನು ಕಂಡ ವಾಚಕರಿಗೆ ಈ ಸಂಗತಿ ತಿಳಿದಿರಬಹುದು: ಕಬ್ಬಿನ ರಸವನ್ನು ಕಾಯಿಸುವ ಕೊಳವೆಗಳ ಒಳಮೈಗೆ ಕ್ರಮೇಣ ಕಿಟ್ಟ ಕಟ್ಟುತ್ತದೆ, ಆಗಾಗ ಕೆಲಸ ನಿಲ್ಲಿಸಿ ಅದನ್ನು ತೆಗೆಯಬೇಕಾಗುತ್ತದೆ. ಅದೇ ಊರಿನ ಮಗುವೊಂದು ನ್ಯುಮೋನಿಯಾದಿಂದ ಬಳಲಿ, ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ವೆಂಟಿಲೇಟರ್ ಎಂಬ ಶ್ವಾಸಯಂತ್ರದ ಆಸರೆಯಿಂದ ಉಸಿರಾಡುತ್ತಿದೆಯೆಂದು ಭಾವಿಸೋಣ. ಅದರ ಶ್ವಾಸನಾಳಕ್ಕೆ ಇಳಿಸಿದ ಕೊಳವೆಯಲ್ಲಿ ಕಫ ಕಟ್ಟಿದರೆ ಕೆಲಸ ನಿಲ್ಲಿಸುವಂತಿಲ್ಲ. ಆ ಕ್ಷಣದಲ್ಲಿ ಬಳಿಯಿರುವವರು ದಾದಿಯರು.

ದೊಡ್ಡವರನ್ನು ನೋಡಿಕೊಂಡು ಪಳಗಿದ ದಾದಿಯರಿಗೂ ಇಲ್ಲಿ ಬೇರೆ ಶಿಕ್ಷಣ ಬೇಕು. ಏಕೆಂಬುದನ್ನು 19ನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಪ್ವಾಸೇಯನ ನಿಯಮವು ತಿಳಿಸುತ್ತದೆ. ಕೊಳವೆಯ ತಡೆಯು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. ವಯಸ್ಕರ 8 ಮಿ.ಮೀ. ಕೊಳವೆಯು ಕಫದಿಂದ 7 ಮಿ.ಮೀ.ಗೆ ಕಿರಿದಾದರೆ ತಡೆಯು ಸುಮಾರು 1.7 ಪಟ್ಟಾಗುವುದು. ಒಂದು ವರ್ಷದ ಮಗುವಿನ 4 ಮಿ.ಮೀ. ಕೊಳವೆಯು 3 ಮಿ.ಮೀ. ಆದರೆ? ಮೂರು ಪಟ್ಟಿಗೂ ಮಿಕ್ಕುವುದು! ಗಾಳಿಯು ಸುಳಿಸುಳಿಯಾಗಿ ಹರಿಯತೊಡಗಿದರೆ ಈ ಲೆಕ್ಕವೂ ಸಾಲದು. ಅಲ್ಲದೆ, ತೂಕಕ್ಕೆ ಹೋಲಿಸಿದರೆ ಶಿಶುವು ವಯಸ್ಕರ ಸುಮಾರು ಎರಡರಷ್ಟು ಆಮ್ಲಜನಕವನ್ನು ಬಳಸುತ್ತದೆ. ದಾಸ್ತಾನು ಕಡಿಮೆ, ಖರ್ಚು ಹೆಚ್ಚು.

ಕೊಳವೆಯ ಮೂಲಕ ರೋಗಿಗಳಿಗೆ ದಿನಗಟ್ಟಲೆ ಉಸಿರೂಡುವ ಕಾರ್ಯವು ದೊಡ್ಡ ಪ್ರಮಾಣದಲ್ಲಿ ಮೊದಲು ನಡೆದದ್ದು ಯಂತ್ರಗಳಿಂದಲ್ಲ, ಕೈಗಳಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೋ ಹಬ್ಬಿದಾಗ, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರು 12 ವರ್ಷದ ಬಾಲಿಕೆಯೊಬ್ಬಳ ಕೊರಳಿನ ರಂಧ್ರದ ಮೂಲಕ ಕೊಳವೆಯಿಳಿಸಿ, ರಬ್ಬರ್ ಚೀಲವನ್ನು ಕೈಯಿಂದ ಅದುಮಿ ಉಸಿರಾಡಿಸಿದರು. ಅನಂತರ ಸುಮಾರು 1500 ವಿದ್ಯಾರ್ಥಿಗಳು ಸರದಿಯಂತೆ ಇದೇ ಕೆಲಸ ಮಾಡಿದರು. ಆ ಚೀಲದ ವಂಶಜನು ಇಂದಿಗೂ ಪ್ರತಿ ವೆಂಟಿಲೇಟರಿನ ಪಕ್ಕದಲ್ಲಿರಲೇಬೇಕು.

2021ರಲ್ಲಿ ಕೋವಿಡ್‌ನ ಮೂರನೆಯ ಅಲೆಯು ಮಕ್ಕಳನ್ನು ಬಾಧಿಸೀತೆಂಬ ಭಯವಿದ್ದಾಗ, ಕರ್ನಾಟಕ ಸರ್ಕಾರವು ಡಾ. ದೇವಿ ಶೆಟ್ಟಿಯವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ರಚಿಸಿತು. ಯಂತ್ರಗಳನ್ನು ಬೇಗ ಕೊಳ್ಳಬಹುದು. ಅವನ್ನು ನೋಡಿಕೊಳ್ಳಬಲ್ಲ ಕೈಗಳನ್ನು ಅಷ್ಟು ಬೇಗ ಸಿದ್ಧಪಡಿಸಲಾಗದು. ನಮ್ಮಲ್ಲಿ ಲೆಕ್ಕವೆಲ್ಲ ಯಂತ್ರಗಳದೇ ಆಗುತ್ತದೆಯೆಂಬುದು ನನ್ನ ದೂರು.

ಹಾಗಾದರೆ ಅವರು ಕಲಿಯುವುದೇನು? ಕೊಳವೆಯ ತುದಿಯು ಮಗುವಿನ ಗದ್ದವನ್ನು ಹಿಂಬಾಲಿಸುತ್ತದೆ: ತಲೆ ಬಾಗಿದರೆ ಒಳಗೆ ಸರಿಯುವುದು, ಹಿಂದಕ್ಕೆ ವಾಲಿದರೆ ಮೇಲೇರುವುದು. ಹೆಚ್ಚು ಒಳಸರಿದರೆ ಸಾಮಾನ್ಯವಾಗಿ ಬಲ ಶ್ವಾಸಕೋಶವನ್ನು ಮಾತ್ರ ಸೇರಿ, ಎಡಭಾಗವು ಗಾಳಿಯಿಲ್ಲದೆ ಉಳಿಯುತ್ತದೆ. ಆದುದರಿಂದ ಮಗುವನ್ನು ಹೊರಳಿಸಿದಾಗಲೆಲ್ಲ ಎದೆಯ ಎರಡೂ ಪಕ್ಕಗಳ ಸದ್ದನ್ನು ಆಲಿಸಬೇಕು. ಕಫ ಹೀರುವ ನಳಿಕೆಯು ಕೊಳವೆಯ ಅರ್ಧಕ್ಕಿಂತ ದಪ್ಪವಿರಬಾರದು. ಹೀರುವ ಕಾಲವು 10 ಸೆಕೆಂಡುಗಳನ್ನು ಮೀರಬಾರದು, ಏಕೆಂದರೆ ಕಫದೊಡನೆ ಗಾಳಿಯೂ ಹೊರಬರುತ್ತದೆ.

ಎಚ್ಚರಿಕೆಯ ಗಂಟೆ ಬಾರಿಸಿದಾಗ ಹೊಸಬರ ಕಣ್ಣು ಯಂತ್ರದ ಪರದೆಯತ್ತ ಹೋಗುವುದು ಸಹಜ. ನೋಡಬೇಕಾದದ್ದು ಮೊದಲು ಮಗುವನ್ನು: ಎದೆ ಏಳುತ್ತಿದೆಯೆ, ತುಟಿ ನೀಲಿಯಾಗಿದೆಯೆ? ಮಗು ಕಂಗೆಟ್ಟಿದ್ದರೆ ಯಂತ್ರವನ್ನು ಕಳಚಿ, ಚೀಲದಿಂದ ಉಸಿರೂಡಬೇಕು. ಎದೆ ಸರಾಗವಾಗಿ ಎದ್ದು ಮಗು ಚೇತರಿಸಿದರೆ ದೋಷವು ಯಂತ್ರದ್ದು. ಚೀಲವು ಗಡುಸಾಗಿ ಕೈಗೆ ಎದುರು ನಿಂತರೆ ದೋಷವು ಕೊಳವೆಯಲ್ಲಿಯೋ ಶ್ವಾಸಕೋಶದಲ್ಲಿಯೋ ಇದೆ. ಈ ಗಡುಸನ್ನು ಮಾತಿನಿಂದ ತಿಳಿಸಲಾಗದು. ಆದುದರಿಂದ ಶಿಕ್ಷಣಾರ್ಥಿಗಳು ರಬ್ಬರಿನ ಬೊಂಬೆಯ ಮುಂದೆ ನಿಂತು, ಬೋಧಕರು ಗುಟ್ಟಾಗಿ ಕೊಳವೆಯನ್ನು ಹಿಸುಕಿದಾಗ ಅದನ್ನು ಅಂಗೈಯಿಂದಲೇ ಗುರುತಿಸುವವರೆಗೆ ಚೀಲವನ್ನು ಅದುಮುತ್ತಾರೆ.