ತೊಗರಿ ಬಂದ ಮ್ಯಾಲ ಕೊಡ್ತೀನ್ರಿ

"ಕಾಕಾ, ಹತ್ತರ ಸಕ್ಕರಿ, ಐದರ ಚಾಪುಡಿ. ಅವ್ವ ಬರ್ಕೊ ಅಂದಾಳ."

ಜಿಡಗಾದಂಥ ಊರಿನಲ್ಲಿ ಕಿರಾಣಿ ಅಂಗಡಿಯ ಬಾಗಿಲು ತೆರೆಯುವುದೇ ಈ ಮಾತಿಗೆ. ಕೇಳುವ ಹುಡುಗನ ಕೈಯಲ್ಲಿ ರೊಕ್ಕವೂ ಇಲ್ಲ, ಚೀಲವೂ ಇಲ್ಲ. ಅಂಗಡಿಯವನು ಎರಡನ್ನೂ ಕೇಳುವುದಿಲ್ಲ. ಹಳೆಯ ಪೇಪರಿನಲ್ಲಿ ಸಕ್ಕರೆ ಪುಡಿಕೆಯಾಗುತ್ತದೆ, ಉದ್ದನೆಯ ವಹಿಯಲ್ಲಿ ಒಂದು ಸಾಲು ಬೀಳುತ್ತದೆ. ಒಲೆಯ ಮೇಲಿನ ನೀರು ಕುದಿ ಬರುವಷ್ಟರಲ್ಲಿ ಹುಡುಗ ಮನೆ ಮುಟ್ಟಿರುತ್ತಾನೆ.

ಕಲಬುರಗಿ ಜಿಲ್ಲೆಯ ಆಳಂದ ತಾಲೂಕಿನ ಜಿಡಗಾ ಹೊರಗಿನವರಿಗೆ ಗೊತ್ತಿರುವುದು ಮಠದಿಂದ. ಮುಗಳಖೋಡ–ಜಿಡಗಾ ಮಠ ಎಂದು ಜೋಡಿಯಾಗಿಯೇ ಕರೆಯುತ್ತಾರೆ. ಒಂದು ಹೆಸರು ಬೆಳಗಾವಿ ಜಿಲ್ಲೆಯ ರಾಯಬಾಗ ತಾಲೂಕಿನದು, ಇನ್ನೊಂದು ಇಲ್ಲಿಯದು. ಡಾ. ಮುರುಘರಾಜೇಂದ್ರ ಸ್ವಾಮೀಜಿ ಪೀಠಾಧಿಪತಿಗಳಾಗಿರುವ ಈ ಮಠಕ್ಕೆ ಮಹಾರಾಷ್ಟ್ರದ ಕಡೆಯಿಂದಲೂ ಭಕ್ತರು ಬರುತ್ತಾರೆ. ಮಠದ ಬಗ್ಗೆ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಇಲ್ಲಿ ಹೇಳಹೊರಟಿರುವುದು ಊರನ್ನು ದಿನದಿನವೂ ನಡೆಸುವ ಇನ್ನೊಂದು ಗದ್ದುಗೆಯ ಮಾತು. ಎಂಟಡಿ ಅಗಲ, ಮುಂದೆ ಕಟ್ಟೆ, ಮೇಲೆ ತಗಡು, ಬಾಗಿಲಿಗೆ ತೋರಣದಂತೆ ತೂಗುವ ಶಾಂಪೂ, ಚಿಪ್ಸ್ ಮಾಲೆ. ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಅದರ ರೂಪ ಇದೇ.

ಮೊದಲು ಮಾತಿನಿಂದಲೇ ಶುರು ಮಾಡೋಣ. ಇಲ್ಲಿ ಯಾರೂ 250 ಗ್ರಾಂ ಎನ್ನುವುದಿಲ್ಲ, 'ಪಾವಕಿಲೋ' ಎನ್ನುತ್ತಾರೆ. ಪಾವು ಎಂದರೆ ಸೇರಿನ ಕಾಲುಭಾಗ. ಸೇರು ಹೋಗಿ ಮೆಟ್ರಿಕ್ ತೂಕ ಕಡ್ಡಾಯವಾದದ್ದು 1962ರಲ್ಲಿ, ಆದರೆ ಪಾವು ಮಾತ್ರ ಕಿಲೋದ ಬೆನ್ನೇರಿ ಉಳಿದುಕೊಂಡಿತು. ಉದ್ರಿ, ಬಾಕಿ, ಜಮಾ, ಹಿಸಾಬು, ಚಿಲ್ಲರ: ಕನ್ನಡ, ಮರಾಠಿ, ದಖ್ಖನಿ ಉರ್ದು ಮೂರೂ ಒಂದೇ ತಕ್ಕಡಿಯಲ್ಲಿ ಕೂತಿವೆ. ಗಡಿಯಾಚೆ ಅಕ್ಕಲಕೋಟ, ಸೊಲ್ಲಾಪುರ. ಈಚೆ 1948ರ ಸೆಪ್ಟೆಂಬರ್‌ವರೆಗೆ ನಿಜಾಮರ ರಾಜ್ಯ. ಆಗ ಈ ಭಾಗದಲ್ಲಿ ನಡೆಯುತ್ತಿದ್ದುದು ಹೈದರಾಬಾದಿನ ಹಾಲಿ ಸಿಕ್ಕಾ. ಏಳು ಹಾಲಿ ರೂಪಾಯಿಗೆ ಹೆಚ್ಚುಕಡಿಮೆ ಬ್ರಿಟಿಷರ ಆರು ಕಲ್ದಾರ್ ರೂಪಾಯಿ. ಸೊಲ್ಲಾಪುರದ ಮಾಲು ತಂದು ಇಲ್ಲಿ ಮಾರುವವನು ಎರಡು ನಾಣ್ಯದ ಲೆಕ್ಕವನ್ನು ಬಾಯಲ್ಲೇ ಮಾಡಬೇಕಿತ್ತು. ಇವತ್ತಿನ ಅಂಗಡಿಕಾರ ಕ್ಯಾಲ್ಕುಲೇಟರ್ ಮುಟ್ಟದೆ ಹದಿನೇಳು ಐಟಮ್ ಕೂಡಿಸುವುದನ್ನು ಕಂಡಾಗ ನನಗೆ ಆ ಅಜ್ಜಂದಿರ ನೆನಪಾಗುತ್ತದೆ.

ಅಂಗಡಿಯ ಗೋಡೆಯ ಮೇಲೆ 'ಇಂದು ನಗದು, ನಾಳೆ ಉದ್ರಿ' ಎಂದು ಬರೆದಿರುತ್ತದೆ. ಅದನ್ನು ಓದಿ ಉದ್ರಿ ಕೇಳುವುದನ್ನು ಬಿಟ್ಟವರನ್ನು ನಾನು ಕಂಡಿಲ್ಲ. ಉದ್ರಿ ಇಲ್ಲದೆ ಇಲ್ಲಿ ವ್ಯಾಪಾರವೇ ಇಲ್ಲ. ಇದು ಎರೆಭೂಮಿ. ಮಳೆ ನಂಬಿ ಜೂನ್–ಜುಲೈನಲ್ಲಿ ಬಿತ್ತಿದ ತೊಗರಿ ಮನೆಗೆ ಬರುವುದು ಡಿಸೆಂಬರ್–ಜನವರಿಗೆ. ನಡುವಿನ ಆರು ತಿಂಗಳಲ್ಲಿ ಬೀಜ, ಗೊಬ್ಬರ, ಕಳೆ, ಔಷಧ ಎಂದು ರೊಕ್ಕ ಹೊಲಕ್ಕೆ ಹೋಗುತ್ತಲೇ ಇರುತ್ತದೆ, ಮನೆಗೆ ಬರುವುದಿಲ್ಲ. ಆದರೆ ನಾಗರಪಂಚಮಿಗೆ ಉಂಡಿ ಕಟ್ಟಲೇಬೇಕು, ದಸರಾಕ್ಕೆ ಹೋಳಿಗೆ ಮಾಡಲೇಬೇಕು, ಎಳ್ಳಮಾಸಿಗೆ ಹೊಲದಲ್ಲಿ ಚರಗ ಚೆಲ್ಲಲೇಬೇಕು. ಬೆಲ್ಲ, ಕೊಬ್ಬರಿ, ಪುಟಾಣಿ, ಎಣ್ಣೆ ಎಲ್ಲಿಂದ ಬರಬೇಕು? "ತೊಗರಿ ಬಂದ ಮ್ಯಾಲ ಕೊಡ್ತೀನ್ರಿ." ಈ ಒಂದು ಮಾತಿಗೆ ಅಂಗಡಿಕಾರ ಆರು ತಿಂಗಳ ಸಾಲ ಕೊಡುತ್ತಾನೆ. ಬ್ಯಾಂಕು ಇದೇ ಸಾಲಕ್ಕೆ ಪಹಣಿ, ಆಧಾರ್, ಎರಡು ಫೋಟೊ, ನಾಲ್ಕು ಓಡಾಟ ಕೇಳುತ್ತದೆ.

ಹಾಗೆಂದು ಇದನ್ನು ಧರ್ಮಕಾರ್ಯ ಎಂದುಕೊಳ್ಳಬೇಡಿ. ಉದ್ರಿ ಗಿರಾಕಿ ಬೇರೆ ಅಂಗಡಿಯ ಮುಖ ನೋಡುವಂತಿಲ್ಲ, ದರ ಜಗ್ಗುವಂತಿಲ್ಲ. ಕೆಲವರು ನಗದಿಗೊಂದು, ಉದ್ರಿಗೊಂದು ದರ ಇಡುತ್ತಾರೆ. ವಹಿ ಇರುವುದು ಅಂಗಡಿಯವನ ಕೈಯಲ್ಲಿ. ಓದುಬರಹ ಬಾರದ ಮುದುಕಿಗೆ ಅದರಲ್ಲಿ ಬರೆದದ್ದೇ ವೇದ. ಆದರೂ ಒಂದು ಕಡಿವಾಣ ಉಂಟು. ಲೆಕ್ಕದಲ್ಲಿ ಮೋಸ ಮಾಡಿದವನ ಹೆಸರು ಸಂಜೆಯೊಳಗೆ ಓಣಿ ಸುತ್ತುತ್ತದೆ, ಅವನ ಮಗಳ ಮದುವೆಗೂ ಅದೇ ಓಣಿಯವರೇ ಬರಬೇಕು.

ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಹೆಮ್ಮೆಯ ಸಂಗತಿಯೇ. ಮೂರು ವರ್ಷ ಕಳೆದು, 2022ರ ಹಂಗಾಮಿನಲ್ಲಿ, ನೆಟೆ ರೋಗ ಬಂದು ನಿಂತ ಬೆಳೆ ನಿಂತಲ್ಲೇ ಒಣಗಿತು. ಪತ್ರಿಕೆಗಳು ಹೆಕ್ಟೇರಿನ ಲೆಕ್ಕ ಬರೆದವು, ಸರ್ಕಾರ ಪರಿಹಾರ ಘೋಷಿಸಿತು. ಕಿರಾಣಿ ವಹಿಗಳಲ್ಲಿ ಅಳಿಸದೆ ಉಳಿದ ಬಾಕಿಯ ಲೆಕ್ಕವನ್ನು ಯಾರೂ ತೆಗೆಯಲಿಲ್ಲ. ರೈತನಿಗೆ ಬೆಳೆ ವಿಮೆ ಎಂಬುದೊಂದಾದರೂ ಇದೆ, ಅವನಿಗೆ ಎಣ್ಣೆ–ಸಕ್ಕರೆ ಕೊಟ್ಟವನಿಗೆ ಅದೂ ಇಲ್ಲ. ಅವನೂ ಕಲಬುರಗಿ ಗಂಜಿನ ಹೋಲ್‌ಸೇಲ್ ವ್ಯಾಪಾರಿಗೆ ಬಾಕಿದಾರನೇ.

2020ರ ಮಾರ್ಚ್ ನೆನಪಿಸಿಕೊಳ್ಳಿ. ದೇಶದ ಮೊದಲ ಕೊರೊನಾ ಸಾವು ಆದದ್ದು ಕಲಬುರಗಿಯಲ್ಲಿ, ಆ ತಿಂಗಳ 10ರಂದು. ಮುಂದೆ ಬಸ್ಸು ನಿಂತವು, ಸಂತೆ ನಿಂತಿತು. ಮುಂಬೈ, ಪುಣೆಗೆ ದುಡಿಯಲು ಹೋದವರು ಬರಿಗೈಯಲ್ಲಿ ಊರಿಗೆ ಬಂದರು. ಆ ದಿನಗಳಲ್ಲಿ ಹಳ್ಳಿಗಳಲ್ಲಿ ಅರ್ಧ ಬಾಗಿಲು ತೆರೆದಿದ್ದದ್ದು ಕಿರಾಣಿ ಅಂಗಡಿಯೊಂದೇ. ಅದಕ್ಕೂ ಮುಂಚೆ, 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ, ರೊಕ್ಕವಿದ್ದೂ ಇಲ್ಲದಂತಾದವರಿಗೆ ಕೈಹಿಡಿದದ್ದೂ ಇದೇ ವಹಿ.

ಇನ್ನು ಇತ್ತೀಚಿನ ಮಾತು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು, ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು. ಆಳಂದ, ಕಲಬುರಗಿಯ ಪೇಟೆ ಹತ್ತಿರವಾಯಿತು. ತಿಂಗಳ ಸಂತೆ ಅಲ್ಲೇ ಮುಗಿಸಿ ಬರುವವರು ಹೆಚ್ಚಾದರು. ಹೆಣ್ಣುಮಕ್ಕಳು ನಾಲ್ಕು ಅಂಗಡಿ ತಿರುಗಿ ದರ ತಿಳಿದು ಬಂದರೆ ಊರ ಅಂಗಡಿಯವನಿಗೆ ಕಸಿವಿಸಿ. ಅದೇ ವರ್ಷ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಯಿತು. ಅದರ ಎರಡು ಸಾವಿರ ಹೆಣ್ಣುಮಕ್ಕಳ ಖಾತೆಗೆ ಬಿದ್ದ ವಾರ ಹಳೆಯ ಬಾಕಿಯಲ್ಲಿ ಒಂದಿಷ್ಟು ಜಮಾ ಆಗುತ್ತದೆ. ಒಂದು ಯೋಜನೆ ಗಿರಾಕಿಯನ್ನು ಒಯ್ದಿತು, ಇನ್ನೊಂದು ಬಾಕಿ ತಂದುಕೊಟ್ಟಿತು. ನನ್ನ ಕಣ್ಣಿಗೆ ಇದರಲ್ಲಿ ದೊಡ್ಡದು ಬೇರೆಯೇ ಇದೆ: ವಹಿಯಲ್ಲಿ ಗಂಡನ ಹೆಸರಿನ ಪುಟವನ್ನು ಈಗ ಹೆಂಡತಿ ಬಂದು ತೀರಿಸುತ್ತಾಳೆ.

ಚಿಲ್ಲರೆಯ ಪಾಡು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಸಾಬೂನು, ಶಾಂಪೂ ಮೇಲಿನ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿಯಿತು. ಐದರ ಬಿಸ್ಕತ್ತು ನಾಲ್ಕೂವರೆಯ ಆಸುಪಾಸಿಗೆ, ಒಂದು ರೂಪಾಯಿಯ ಮಾಲು ಎಂಬತ್ತೆಂಟು ಪೈಸೆಗೆ ಬಂತೆಂದು ಸುದ್ದಿಯಾಯಿತು. ಹನ್ನೆರಡು ಪೈಸೆ ಯಾರು ಕೊಡಬೇಕು, ಯಾರು ಇಸಿದುಕೊಳ್ಳಬೇಕು? ಎಂಟಾಣೆಗೇ ಬೆಲೆಯಿಲ್ಲದ ಊರಿನಲ್ಲಿ ಚಿಲ್ಲರೆಯ ಬದಲಿಗೆ ಚಾಕಲೇಟೇ ನಾಣ್ಯ. ಚಿಲ್ಲರೆಯ ಗೋಜು ಬೇಡ, ಯುಪಿಐ ಇರಲಿ ಎಂದರೆ ಅದಕ್ಕೂ ಅಳುಕು: ಜಿಎಸ್‌ಟಿ ಇಳಿಯುವ ಎರಡು ತಿಂಗಳ ಮುಂಚೆ ಬೆಂಗಳೂರಿನ ಬೇಕರಿ, ಚಹಾದಂಗಡಿಗಳಿಗೆ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕೊಟ್ಟಿತ್ತು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿಯ ವಹಿವಾಟು. ಹಳ್ಳಿಯ ಪುಟ್ಟ ಅಂಗಡಿ ಆ ಗೆರೆಯ ಹತ್ತಿರವೂ ಹೋಗುವುದು ಕಷ್ಟ. ಭಯಕ್ಕೆ ಮಾತ್ರ ಮಿತಿ ಎಂಬುದಿಲ್ಲ.

ಒಂದು ಮಾತು ಮುಚ್ಚಿಡಬಾರದು. ಗುಟ್ಕಾವನ್ನು ರಾಜ್ಯ ಸರ್ಕಾರ 2013ರಲ್ಲೇ ನಿಷೇಧಿಸಿದೆ. ಆದರೆ ಪಾನ್ ಮಸಾಲಾ ಒಂದು ಚೀಟಿನಲ್ಲಿ, ತಂಬಾಕು ಇನ್ನೊಂದರಲ್ಲಿ ಬಂದು ಗಿರಾಕಿಯ ಅಂಗೈಯಲ್ಲಿ ಒಂದಾಗುತ್ತವೆ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ ಕಾನೂನನ್ನು ಗಜಕೋಲು ಹಿಡಿದು ಅಳೆದವರು ಕಡಿಮೆ. ಇದರಲ್ಲಿ ಲಾಭ ಹೆಚ್ಚು, ಉದ್ರಿ ಕಡಿಮೆ ಎನ್ನುವುದು ಅಂಗಡಿಯವರ ಸಮಜಾಯಿಷಿ. ಅದನ್ನು ನಾನು ಒಪ್ಪುವುದಿಲ್ಲ.

ಇಷ್ಟೆಲ್ಲದರ ನಡುವೆ ಸಂಜೆಯಾಗುತ್ತದೆ. ಕೂಲಿ ಮುಗಿಸಿ ಬಂದವರು ಕಟ್ಟೆಯ ಮೇಲೆ ಕೂಡುತ್ತಾರೆ. ಯಾರ ಎಮ್ಮೆ ಈಯಿತು, ಕಲಬುರಗಿಯಲ್ಲಿ ತೊಗರಿ ಎಷ್ಟಕ್ಕೆ ನಡೆಯಿತು, ಯಾರ ಮಗ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿದ, ಎಲ್ಲ ಇಲ್ಲೇ ಗೊತ್ತಾಗಬೇಕು. ನಡುರಾತ್ರಿ ಮಗುವಿಗೆ ಜ್ವರ ಬಂದರೆ ಬಾಗಿಲು ಬಡಿಯುವುದೂ ಅಂಗಡಿಕಾರನ ಮನೆಯದೇ. ಅಂಗಡಿಯ ಹಿಂದೆಯೇ ಅವನ ಮನೆ ಇರುತ್ತದಲ್ಲ.

ಜಿಡಗಾಕ್ಕೆ ದರ್ಶನಕ್ಕೆಂದು ಹೊರಟಿರುವವರಿಗೆ ಒಂದು ವಿನಂತಿ. ತೆಂಗು, ಕರ್ಪೂರ, ಊದುಬತ್ತಿ, ಮಕ್ಕಳಿಗೆ ಬಿಸ್ಕತ್ತು, ಎಲ್ಲವನ್ನೂ ಕಲಬುರಗಿಯಿಂದಲೇ ಕಟ್ಟಿಕೊಂಡು ಹೋಗಬೇಡಿ. ಊರಿನ ಅಂಗಡಿಯಲ್ಲೇ ಕೊಳ್ಳಿ, ನಗದು ಕೊಡಿ. ಮತ್ತೆ, ಜೇಬಿನಲ್ಲಿ ಐದರ, ಹತ್ತರ ಚಿಲ್ಲರೆ ಇರಲಿ.