ಕಾಂಕ್ರೀಟು ತೊಲೆಯ ಮೈ ಏನು ಹೇಳುತ್ತದೆ?

ವಿದ್ಯಾರ್ಥಿಗಳೇ, ಬಸವಕಲ್ಯಾಣದಿಂದ ಹುಮನಾಬಾದಿಗೆ ಹೋಗುವಾಗ ಪುಣೆ–ಹೈದರಾಬಾದ್ ಹೆದ್ದಾರಿಯ ಸೇತುವೆಗಳನ್ನು ನೀವು ನೋಡಿರುತ್ತೀರಿ. ಹುಮನಾಬಾದಿನ ಮೂಲಕ ಸಾಗುವ ಬೀದರ–ಕಲಬುರಗಿ ರೈಲುಮಾರ್ಗ 2017ರಲ್ಲಿ ಪೂರ್ತಿಯಾಯಿತು. ಈಗಿನ ಸೇತುವೆ ಕಾಮಗಾರಿಗಳಲ್ಲಿ ತೊಲೆಗಳನ್ನು ಅನೇಕ ಸಲ ಮೊದಲೇ ಅಚ್ಚಿನಲ್ಲಿ ಎರಕ ಹೊಯ್ದು, ಗಟ್ಟಿಯಾದ ಮೇಲೆ ಕ್ರೇನಿನಿಂದ ಎತ್ತಿ ಕೂರಿಸುತ್ತಾರೆ. ಅಚ್ಚು ಬಿಚ್ಚಿದಾಗ ಮೈಮೇಲೆ ತೂತು, ಬಿರುಕು ಅಥವಾ ಕಲೆ ಕಂಡರೆ? ಸಿಮೆಂಟು ಬಳಿದು ಮುಚ್ಚುವುದು ಸುಲಭ. ಆದರೆ ಕಾರಣ ತಿಳಿಯದೆ ಮುಚ್ಚಿದರೆ ದೋಷ ಒಳಗೇ ಉಳಿಯುತ್ತದೆ. ನಾಳೆ ಅದರ ಮೇಲೆ ಓಡಾಡುವವರು ನಾವೇ.

ಮೊದಲು ತೂತುಗಳನ್ನು ನೋಡೋಣ. ಪಕ್ಕದ ಮೈಯಲ್ಲಿ ಚದುರಿದ ಸಣ್ಣ ಗುಳಿಗಳು ಅಚ್ಚಿಗೆ ಅಂಟಿಕೊಂಡಿದ್ದ ಗಾಳಿಗುಳ್ಳೆಗಳ ಗುರುತು. ಸಾಮಾನ್ಯವಾಗಿ ಇವು ಅಂದಗೆಡಿಸುತ್ತವೆ, ಅಷ್ಟೇ. ಜಲ್ಲಿಕಲ್ಲುಗಳೇ ಬರಿದಾಗಿ ಕಂಡರೆ ಅದು 'ಜೇನುಗೂಡು'. ಅಚ್ಚಿನ ಸಂದಿಯಿಂದ ಸಿಮೆಂಟಿನ ಹಾಲು ಸೋರಿರಬಹುದು, ಇಲ್ಲವೇ ಒತ್ತೊತ್ತಾದ ಸರಳುಗಳ ನಡುವೆ ವೈಬ್ರೇಟರ್ ಸರಿಯಾಗಿ ಆಡಿರಲಿಕ್ಕಿಲ್ಲ. ಇದರ ಮೂಲಕ ನೀರು, ಗಾಳಿ ಸರಳಿನವರೆಗೆ ಹೋಗುತ್ತವೆ.

ಇನ್ನು ಬಿರುಕು. ಬಲೆಯಂತೆ ಹರಡಿದ ಕೂದಲೆಳೆಯ ಗೆರೆಗಳಿದ್ದರೆ ಮೇಲ್ಮೈ ಬೇಗನೆ ಒಣಗಿದೆ ಎಂದು ಊಹಿಸಬಹುದು. ಬೀದರ ಜಿಲ್ಲೆಯ ಬೇಸಿಗೆಯಲ್ಲಿ ಇದು ಸುಲಭವಾಗಿ ಆಗುತ್ತದೆ. ಒಣ ಬಿಸಿ ಹವೆಯಲ್ಲಿ ಕಾಂಕ್ರೀಟನ್ನು ಕನಿಷ್ಠ 10 ದಿನ ಒದ್ದೆಯಾಗಿಡಬೇಕೆಂದು ಭಾರತೀಯ ಮಾನಕ ಐ.ಎಸ್. 456 ಹೇಳುವುದು ಇದಕ್ಕಾಗಿಯೇ. ತೊಲೆಯ ನಡುಭಾಗದಲ್ಲಿ ಕೆಳಗಿನಿಂದ ನೇರವಾಗಿ ಮೇಲೇರುವ ಬಿರುಕು ಬಾಗುವಿಕೆಯದು. ಆಧಾರದ ಬಳಿ ಓರೆಯಾಗಿ ಏರುವುದು ಹೆಚ್ಚು ಅಪಾಯಕಾರಿ. ಕೂಡಲೇ ಎಂಜಿನಿಯರಿಗೆ ತಿಳಿಸಬೇಕು. ಬಿರುಕು ಮೇಲ್ಭಾಗದಲ್ಲಿದ್ದರೆ, ಎತ್ತುವಾಗ ಹಗ್ಗ ತಪ್ಪು ಜಾಗದಲ್ಲಿ ಬಿದ್ದಿತ್ತೇ ಎಂದು ವಿಚಾರಿಸಬೇಕು.

ಕಂದು ಕಲೆ ಕಂಡ ಕೂಡಲೇ ಸರಳು ತುಕ್ಕು ಹಿಡಿದಿದೆ ಎನ್ನಬೇಡಿ. ಅಚ್ಚಿನ ತುಕ್ಕೋ, ಉಳಿದುಹೋದ ಕಟ್ಟುತಂತಿಯೋ ಇರಬಹುದು. ಆದರೆ ಕಲೆಯ ಜೊತೆಗೆ ಸರಳಿನ ಉದ್ದಕ್ಕೂ ಬಿರುಕಿದ್ದರೆ ಸಂಶಯ ಬಲವಾಗುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಅದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಆಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಪೊಳ್ಳು ಸದ್ದು ಬರುತ್ತದೆ.

ನಿಮ್ಮ ಪ್ರಯೋಗಶಾಲೆಯ ಫಿನಾಫ್ತಲೀನ್ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹೊಸದಾಗಿ ಒಡೆದ ಮೈಗೆ ಸಿಂಪಡಿಸಿದಾಗ ಗುಲಾಬಿ ಬಣ್ಣ ಬಂದರೆ ಸರಳನ್ನು ಕಾಯುವ ಕ್ಷಾರಗುಣ ಉಳಿದಿದೆ. ಬಣ್ಣ ಬರದಿದ್ದರೆ ಗಾಳಿಯ ಇಂಗಾಲಾಮ್ಲ ಅಲ್ಲಿಯವರೆಗೆ ತಲುಪಿದೆ.

ಬಿರುಕು ಎಲ್ಲಿದೆ, ಯಾವ ದಿಕ್ಕಿಗಿದೆ, ಬೆಳೆಯುತ್ತಿದೆಯೇ? ಅದರ ತುದಿಗೆ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದರೆ ಮೂರನೆಯ ಪ್ರಶ್ನೆಗೆ ಕಾಲವೇ ಉತ್ತರ ಕೊಡುತ್ತದೆ. ನಿಮ್ಮ ಶಾಲೆಯ ಗೋಡೆಯಿಂದಲೇ ಈ ಅಭ್ಯಾಸ ಆರಂಭಿಸಿ. ಎತ್ತಿದ ತೊಲೆಯ ಕೆಳಗೆ ಮಾತ್ರ ಎಂದೂ ನಿಲ್ಲಬೇಡಿ.